ನಾಲ್ಕನೇ ರಿಲೇ

ಮಾರ್ಚ್ 3, ಭಾನುವಾರ

ಈ ನೋಟ್‌ಬುಕ್ ಅಣ್ಣನಿಗೆಂದು ತಂದದ್ದು. ಎಡಗೈಯಲ್ಲಿ ಬರೆದು ಅಭ್ಯಾಸ ಮಾಡಲಿ ಎಂದು ಮಾತಿನ ಟೀಚರ್ ಹೇಳಿದ್ದರು. ಅವನು ಒಂದು ಪುಟ ಗೀಚಿದ, ಅಕ್ಷರಗಳೆಲ್ಲ ಹಿಂದುಮುಂದಾದದ್ದು ನೋಡಿ ಪೆನ್ನು ಕೆಳಗಿಟ್ಟ. ಉಳಿದ ಪುಟಗಳು ದಂಡವಾಗುವುದು ಬೇಡ ಎಂದು ನಾನು ಎತ್ತಿಕೊಂಡೆ. ದಿನಚರಿ ಬರೆಯುವ ಚಟ ನನಗಿಲ್ಲ. ಬರೆದು ಅಭ್ಯಾಸವಿರುವುದು ಕಂಪ್ಯೂಟರ್ ಕೋಡಿನ ಪಕ್ಕದ ಟಿಪ್ಪಣಿ ಮಾತ್ರ. ಓದುವವನಿಗೆ ಏನೂ ಗೊತ್ತಿಲ್ಲ ಎಂದುಕೊಂಡೇ ಅದನ್ನು ಬರೆಯಬೇಕು. ಇಲ್ಲೂ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಆರೂವರೆಗೆ ಕೋಳಿ ಫಾರಂ ಯಜಮಾನಿ ಫೋನು ಮಾಡಿದರು. "ನೀವೇ ಬಂದು ನೋಡಿ" ಅಂದರು. ಟೆಸ್ಟರ್ ವ್ಯಾನು ತೆಗೆದರು. ಟೆಸ್ಟರ್ ಅಂದರೆ ನಮ್ಮ ವೈರಿಂಗ್ ನೋಡಿಕೊಳ್ಳುವವರು. ಅಂಗಿ ಬದಲಾಗುತ್ತದೆ, ಜೇಬಿನಲ್ಲಿ ಸಿಕ್ಕಿಸಿದ ಟೆಸ್ಟರ್ ಬದಲಾಗುವುದಿಲ್ಲ. ಹೀಗಾಗಿ ಇಪ್ಪತ್ತು ವರ್ಷದಿಂದ ಅದೇ ಹೆಸರು.

ಫಾರಂನಲ್ಲಿ ಎರಡು ಥರದ ಪೆಟ್ಟಿಗೆಗಳಿವೆ. ಸೆಟರ್‌ನಲ್ಲಿ ಮೊಟ್ಟೆ ಹದಿನೆಂಟು ದಿನ ಕಾವಿನಲ್ಲಿರುತ್ತದೆ. ಕೋಳಿ ತನ್ನ ಮೊಟ್ಟೆಯನ್ನು ಹೊರಳಿಸುವಂತೆ, ಅಲ್ಲಿ ಗಂಟೆಗೊಮ್ಮೆ ಟ್ರೇ ಒಂದು ಪಕ್ಕಕ್ಕೆ ವಾಲುತ್ತದೆ. ಆಮೇಲೆ ಮೊಟ್ಟೆಗಳನ್ನು ಹ್ಯಾಚರ್‌ಗೆ ಸಾಗಿಸುತ್ತಾರೆ. ಅಲ್ಲಿ ಕೊನೆಯ ಮೂರು ದಿನ ಯಾರೂ ಅವನ್ನು ಅಲುಗಿಸಬಾರದು, ಮರಿ ತಾನೇ ತಿರುಗಿ ಚಿಪ್ಪು ಒಡೆಯುತ್ತದೆ. ಎರಡಕ್ಕೂ ಕಂಟ್ರೋಲ್ ಬಾಕ್ಸ್ ನಮ್ಮದೇ, ಅಣ್ಣ ಮನೆಯಲ್ಲೇ ಶುರುಮಾಡಿದ ಕಂಪನಿಯದು. ಬಾಕ್ಸ್ ನಮ್ಮದು ಅಂದರೆ ಒಳಗಿನ ಕೋಡ್ ಅಣ್ಣನದು.

ನಾಲ್ಕೂ ಹ್ಯಾಚರ್‌ಗಳ ಬಾಗಿಲು ತೆರೆದಿಟ್ಟಿದ್ದರು. ಮರಿ ಹೊರಬರುವ ದಿನ ಆ ಕೋಣೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ಇವತ್ತು ಟ್ರೇಗಳಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ನಿನ್ನೆ ಸಂಜೆ ಕರೆಂಟು ಹೋಗಿ, ಜನರೇಟರ್ ಹತ್ತಿಕೊಂಡಿದೆ. ಅಲ್ಲಿಂದ ಬೆಳಗಿನ ತನಕ ನೀರಿನ ನಾಜಲ್ ನಿಂತೇ ಇಲ್ಲ. ಮರಿ ಬರುವ ಹೊತ್ತಿಗೆ ತೇವ ಹೇಗೂ ಏರುವುದರಿಂದ ಅಲಾರಂ ಆಫ್ ಮಾಡಿರುತ್ತಾರೆ. ಅರ್ಧ ಚಿಪ್ಪಿನಲ್ಲಿ, ಅರ್ಧ ಹೊರಗೆ, ಒದ್ದೆಯಾಗಿ ತಣ್ಣಗಾಗಿ ಸತ್ತಿದ್ದವು. ಸುಮಾರು ಒಂಬತ್ತು ಸಾವಿರ.

ನನಗೆ ಏನೂ ಅನ್ನಿಸಲಿಲ್ಲ. ಜನವರಿಯಲ್ಲಿ ಅಣ್ಣನಿಗೆ ಸ್ಟ್ರೋಕ್ ಆಗಿ ಬಲಗೈ, ಮಾತು ಎರಡೂ ಹೋದಾಗಿನಿಂದ ಹೀಗೇ. ಎಲ್ಲ ಕಾಣುತ್ತದೆ, ಒಂದೂ ತಾಗುವುದಿಲ್ಲ.

ಯಜಮಾನಿ ಕೂಗಾಡಲಿಲ್ಲ. "ನಾಳೆ ಹೊಸ ಬ್ಯಾಚ್ ಸೆಟರ್‌ಗೆ ಹಾಕ್ತೀನಿ. ಇಪ್ಪತ್ತೆರಡಕ್ಕೆ ಹ್ಯಾಚರ್‌ಗೆ ಬರುತ್ತೆ. ಅಷ್ಟರಲ್ಲಿ ಸರಿ ಮಾಡಿ. ಆಗಲ್ಲ ಅಂದ್ರೆ ನಿಮ್ಮ ಬಾಕ್ಸ್ ಬಿಚ್ಕೊಂಡು ಹೋಗಿ," ಅಂದರು.

ವಾಪಸು ಬರುವಾಗ ಟೆಸ್ಟರ್ ಕೇಳಿದರು, "ಏನಾಗಿರ್ಬಹುದು ಮೇಡಂ?"

"ಹಳೇ ಕೋಡಿನ ಸಮಸ್ಯೆ ಇರ್ಬೇಕು," ಅಂದೆ.


ಮಾರ್ಚ್ 4, ಸೋಮವಾರ

ಸಿಕ್ಕಿತು. ಹುಡುಕಲು ಇಪ್ಪತ್ತು ನಿಮಿಷವೂ ಬೇಕಾಗಲಿಲ್ಲ.

ಅಣ್ಣ ಹನ್ನೆರಡು ವರ್ಷದ ಹಿಂದೆ ಮೊದಲು ಬರೆದದ್ದು ಸೆಟರ್‌ನ ಕ್ಲಾಸ್, ಅಂದರೆ ಒಂದು ಯಂತ್ರ ಏನೇನು ಮಾಡಬೇಕೆಂಬ ಕೋಡಿನ ಕಟ್ಟು. ಆಮೇಲೆ ಹ್ಯಾಚರ್‌ಗೂ ಬೇಕಾದಾಗ, ಹ್ಯಾಚರ್ ಅಂದರೂ ಒಂದು ಸೆಟರೇ, ಹೊರಳಿಸುವುದೊಂದು ಬಿಟ್ಟು, ಎಂದುಕೊಂಡು ಅದರ ಕೆಳಗೆ ಸೇರಿಸಿದ. ಇದು ಇನ್‌ಹೆರಿಟೆನ್ಸ್. ಮೇಲಿನ ಕ್ಲಾಸಿನಲ್ಲಿ ಏನೇನಿದೆಯೋ ಎಲ್ಲವೂ ಕೆಳಗಿನದಕ್ಕೆ ತಾನಾಗಿ ಬರುತ್ತದೆ, ಅದಕ್ಕೆ ಬೇಕಿರಲಿ ಬಿಡಲಿ. ಬೇಡದ್ದನ್ನು ತಡೆಯಲು ಅವನು ಹ್ಯಾಚರ್‌ನ 'ಹೊರಳಿಸು' ಎಂಬ ಆದೇಶವನ್ನು, ಅಂದರೆ ಫಂಕ್ಷನ್ನನ್ನು, ಖಾಲಿ ಬಿಟ್ಟು ಪಕ್ಕದಲ್ಲಿ ಬರೆದಿದ್ದ: ಇಲ್ಲಿ ಏನೂ ಮಾಡಬೇಕಿಲ್ಲ.

ಹನ್ನೆರಡು ವರ್ಷ ಅದು ಸರಿಯಾಗಿಯೇ ನಡೆಯಿತು.

ಕರೆಂಟು ಹೋಗಿ ಬಂದಾಗ ಟ್ರೇ ಅರ್ಧಕ್ಕೇ ನಿಂತಿರುತ್ತದೆ, ಅದನ್ನು ತಕ್ಷಣ ಪೂರ್ತಿ ವಾಲಿಸಿ ಎಂದು ಈ ವರ್ಷ ಗಿರಾಕಿಗಳು ಕೇಳಿದರು. ಅದಕ್ಕೊಂದು ಸಾಲು ಸೇರಿತು. ಮೇಲಿನ ಕ್ಲಾಸಿನಲ್ಲಿ, 'ಹೊರಳಿಸು' ಮೂಲಕ ಹೋಗದೆ, ನೇರವಾಗಿ: ಟ್ರೇ ವಾಲಿತು ಎಂಬ ಸೂಚನೆ ಬರುವ ತನಕ ನಾಲ್ಕನೇ ರಿಲೇ ಚಾಲೂ ಇಡು. ರಿಲೇ ಅಂದರೆ ಸ್ವಿಚ್ಚು. ಸೆಟರ್‌ನಲ್ಲಿ ನಾಲ್ಕನೆಯದಕ್ಕೆ ಹೊರಳಿಸುವ ಮೋಟಾರ್ ಇದೆ. ಹ್ಯಾಚರ್‌ನಲ್ಲಿ ಅದು ಖಾಲಿ ಇತ್ತೆಂದು ಎರಡನೇ ನೀರಿನ ನಾಜಲ್ ಕೊಟ್ಟಿದ್ದಾರೆ. ಹ್ಯಾಚರ್‌ನಲ್ಲಿ ವಾಲುವ ಟ್ರೇಯೇ ಇಲ್ಲ. ಸೂಚನೆ ಬರುವುದೇ ಇಲ್ಲ. ನೀರು ನಿಲ್ಲುವುದೇ ಇಲ್ಲ.

ಸಾಲು ಯಾವಾಗ ಸೇರಿತು ಎಂಬುದು ಕೋಡಿನ ಇತಿಹಾಸದಲ್ಲಿದೆ, ಯಾರು ಯಾವಾಗ ಏನು ಬದಲಿಸಿದರೂ ಅದರಲ್ಲಿ ತಾನಾಗಿ ದಾಖಲಾಗುತ್ತದೆ. ಜನವರಿ 29, ಸಂಜೆ ನಾಲ್ಕು ಹತ್ತು. ಆಸ್ಪತ್ರೆಯ ಕಾರಿಡಾರ್, ಪ್ಲಾಸ್ಟಿಕ್ ಕುರ್ಚಿ, ಮಡಿಲಲ್ಲಿ ಲ್ಯಾಪ್‌ಟಾಪ್. ಪರೀಕ್ಷೆ ಸೆಟರ್ ಮೇಲೆ ಮಾತ್ರ ಆಯಿತು. ಹ್ಯಾಚರ್ ನೆನಪಿಗೇ ಬರಲಿಲ್ಲ.

ಸಾಲು ನನ್ನದು. ಇಲ್ಲಿ ಬರೆದಿದ್ದೇನೆ. ಇನ್ನೆಲ್ಲೂ ಹೇಳುವ ಉದ್ದೇಶವಿಲ್ಲ.


ಮಾರ್ಚ್ 5, ಮಂಗಳವಾರ

ಕಂಪನಿಯ ಫೋನು ಇರುವುದು ಮುಂದಿನ ಕೋಣೆಯಲ್ಲಿ. ಅಣ್ಣನ ಮಂಚವೂ ಅಲ್ಲೇ. ವರ್ಕ್‌ಶಾಪ್ ಹಿತ್ತಲಲ್ಲಿ, ನನ್ನ ಕೋಣೆ ಮೇಲೆ. ಫೋನು ತೆಗೆಯುವವರು ಅತ್ತಿಗೆ.

ನಾನು ನೀರು ಕುಡಿಯಲು ಕೆಳಗೆ ಬಂದಾಗ ಅತ್ತಿಗೆ ಯಜಮಾನಿಯ ಹತ್ತಿರ ಮಾತಾಡುತ್ತಿದ್ದರು. "ಏನು ಹೇಳ್ಲಿ, ನಮ್ಮನೆಯವರ ಹಳೇ ಕೋಡಲ್ಲೇ ತಪ್ಪಿತ್ತಂತೆ. ಟೆಸ್ಟರ್ ಹೇಳಿದ್ರು. ಅವರಿಗೆ ಈಗ ಹುಷಾರಿಲ್ಲ, ಅವರ ಪರವಾಗಿ ನಾನು ಕ್ಷಮೆ ಕೇಳ್ತೀನಿ." ಮಂಚದ ಕಾಲ್ತುದಿಗೆ ಒರಗಿ ನಿಂತಿದ್ದರು. ಅಣ್ಣ ಒಂದು ಮಾರು ದೂರದಲ್ಲಿ ದಿಂಬಿಗೊರಗಿ ಕೂತಿದ್ದ.

ಡಾಕ್ಟರ್ ಮೊದಲೇ ಹೇಳಿದ್ದರು: ಅವನಿಗೆ ಅರ್ಥ ಎಲ್ಲ ಆಗುತ್ತದೆ, ಹೊರಗೆ ಬರುವ ದಾರಿ ಮಾತ್ರ ಕೆಟ್ಟಿದೆ. ಎರಡು ತಿಂಗಳಲ್ಲಿ ಕೆಲವು ಪದ ವಾಪಸು ಬಂದಿದ್ದವು. ಸರಿಯಾದ ಜಾಗಕ್ಕೆ ಅಲ್ಲ. ಚಮಚ ಬೇಕಾದರೆ ಕೊಡೆ ಅನ್ನುತ್ತಿದ್ದ. ಮಾತಿನ ಟೀಚರನ್ನು ಒಂದು ದಿನ ಬಹಳ ಗೌರವದಿಂದ ಕುಕ್ಕರ್ ಎಂದು ಕರೆದ, ಅವರೇ ಮೊದಲು ನಕ್ಕರು. ಕಳೆದ ತಿಂಗಳು ಅತ್ತಿಗೆಯ ಅಕ್ಕ ಸ್ವೆಟರ್ ಹೆಣೆದು ತಂದಾಗ, ಹೇಗಿದೆ ಎಂದು ಕೇಳಿದ್ದಕ್ಕೆ "ಗೋಣಿಚೀಲ" ಅಂದುಬಿಟ್ಟ. ನೋಡಿದರೆ ಹಾಗೇ ಇತ್ತು. ಏನು ಹೊರಬರುತ್ತದೆ ಎಂಬುದು ಅವನ ಕೈಯಲ್ಲಿಲ್ಲ.

ಇವತ್ತು ಟೀಚರ್ ಬಂದಾಗ ಅವನು ಬಾಯಿ ತೆರೆಯಲಿಲ್ಲ. ಸುಸ್ತಾಗಿರಬೇಕು ಎಂದರು.


ಮಾರ್ಚ್ 8, ಶುಕ್ರವಾರ

ಮತ್ತೆ ಮಾತಿಲ್ಲ. ಟೀಚರ್ ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ತೋರಿಸಿದರು. ಅಣ್ಣ ಪ್ರತಿಯೊಂದನ್ನೂ ನೋಡಿದ, ಅವರ ಮುಖವನ್ನೂ ನೋಡಿದ, ತುಟಿ ಬಿಗಿಹಿಡಿದ. ಆಗುತ್ತಿಲ್ಲ ಅನ್ನುವವರ ಹಾಗಿರಲಿಲ್ಲ. ಒಲ್ಲೆ ಅನ್ನುವವರ ಹಾಗಿತ್ತು.

ಹೊರಗೆ ಚಪ್ಪಲಿ ಮೆಟ್ಟುತ್ತಾ ಟೀಚರ್ ನನ್ನನ್ನು ಕೇಳಿದರು. "ಮನೇಲಿ ಏನಾದ್ರೂ ಆಯ್ತಾ?"

"ಇಲ್ಲ," ಅಂದೆ.

"ಮೊದಲ ಮೂರು ತಿಂಗಳಲ್ಲಿ ಬಂದಷ್ಟು ಆಮೇಲೆ ಬರಲ್ಲ. ಈಗ ಸುಮ್ಮನಿದ್ರೆ ಬಂದಿರೋದೂ ಹೋಗುತ್ತೆ. ನೀವೆಲ್ಲ ಸ್ವಲ್ಪ ಮಾತಾಡಿಸ್ಬೇಕು."

ಮೂರು ತಿಂಗಳಾಗಲು ಇನ್ನು ನಾಲ್ಕು ವಾರವಿದೆ.

ಅವನೇಕೆ ಬಾಯಿ ಮುಚ್ಚಿದ್ದಾನೆಂದು ನನಗೆ ಗೊತ್ತು. ಒಂಬತ್ತು ಸಾವಿರ ಮರಿಗಳನ್ನು ತಾನು ಕೊಂದೆ ಎಂದುಕೊಂಡಿದ್ದಾನೆ. ನಾನು ಒಂದು ವಾಕ್ಯ ಹೇಳಿದರೆ ಮುಗಿಯಿತು. ಆ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಯೂ ನೋಡಿದೆ. ಕಷ್ಟದ ವಾಕ್ಯವೇನಲ್ಲ. ಆಮೇಲೆ ಮೇಲೆ ಹೋಗಿ ಕಿಟಕಿ ಒರೆಸಿದೆ.


ಮಾರ್ಚ್ 9, ಶನಿವಾರ

ಕೆಲಸ. ನಿಂತುಕೊಂಡೇ ಊಟ.


ಮಾರ್ಚ್ 11, ಸೋಮವಾರ

ನನ್ನ ಸಾಲನ್ನು ಅಳಿಸಿದರೆ ನೀರಿನ ಸಮಸ್ಯೆ ಇವತ್ತೇ ಹೋಗುತ್ತದೆ. ಅಷ್ಟೇ ಮಾಡಿ ಕೈತೊಳೆದುಕೊಳ್ಳಬಹುದು. ಆದರೆ ಹ್ಯಾಚರ್ ಆ ಸೆಟರ್‌ನ ಕೆಳಗೆ ಇರುವ ತನಕ, ಮೇಲೆ ಯಾರು ಏನು ಸೇರಿಸಿದರೂ ಅದರ ತಲೆಗೆ ಬರುತ್ತದೆ. ಇನ್ನೊಂದು ಸಲ ಇನ್ನೊಬ್ಬರು ಇನ್ನೊಂದು ಕಾರಿಡಾರ್‌ನಲ್ಲಿ ಕೂತು ಬರೆಯುತ್ತಾರೆ. ಪೂರ್ತಿ ಬಿಚ್ಚಿ ಕಟ್ಟಬೇಕು.

ಕಾಗದದ ಮೇಲೆ ಬಿಡಿಸಿದೆ. ಮೇಲೆ ಕೆಳಗೆ ಎಂಬುದಿಲ್ಲ. ಹೀಟರ್ ಒಂದು, ಫ್ಯಾನ್ ಒಂದು, ನೀರು ಒಂದು, ಹೊರಳಿಸುವುದು ಒಂದು, ಎಲ್ಲ ಬೇರೆ ಬೇರೆ ಬಿಡಿಭಾಗ. ಸೆಟರ್‌ಗೆ ನಾಲ್ಕನ್ನೂ ಕೊಡು. ಹ್ಯಾಚರ್‌ಗೆ ಮೂರೇ ಕೊಡು, ಎರಡನೇ ನಾಜಲ್ ಇದ್ದರೆ ಅದನ್ನೂ ನೀರು ಎಂದೇ ಕೊಡು. ಹೊರಳಿಸುವ ಭಾಗ ಹ್ಯಾಚರ್ ಹತ್ತಿರ ಇರುವುದೇ ಇಲ್ಲ, ಆದ್ದರಿಂದ ಯಾರಿಗೂ ಅದಕ್ಕೆ ಹೊರಳಿಸು ಎಂದು ಹೇಳಲಾಗುವುದಿಲ್ಲ. ಖಾಲಿ ಫಂಕ್ಷನ್ ಬೇಡ, ಟಿಪ್ಪಣಿಯೂ ಬೇಡ. ಕಾಂಪೊಸಿಷನ್ ಅಂದರೆ ಇಷ್ಟೇ. ಕೇಳಲು ಏನೂ ವಿಶೇಷವಿಲ್ಲ.

ಐದು ವರ್ಷದ ಹಿಂದೆ ಇದನ್ನೇ ಅಣ್ಣನಿಗೆ ಹೇಳಿದ್ದೆ. ಆಗ ಅವನು ಬೆಸುಗೆ ಹಾಕುತ್ತಿದ್ದ, ತಲೆ ಎತ್ತಲಿಲ್ಲ.

"ನಡೀತಿರೋದನ್ನ ಯಾಕೆ ಬಿಚ್ತೀಯ?"

"ಹ್ಯಾಚರ್ ಸೆಟರ್ ಅಲ್ಲ ಅಣ್ಣ."

"ತೊಂಬತ್ತು ಭಾಗ ಹೌದಲ್ಲ."

"ಉಳಿದ ಹತ್ತು ಭಾಗ?"

"ಅದಕ್ಕೆ ನಾನಿದ್ದೀನಲ್ಲ," ಅಂದ.

ಅವತ್ತು ನಾನು ಸರಿಯಿದ್ದೆ. ಇವತ್ತೂ ಎಲ್ಲರಿಗೂ ಅದನ್ನೇ ಹೇಳಬಹುದು: ಹಳೆಯ ವಿನ್ಯಾಸವೇ ತಪ್ಪು. ಅದು ಸುಳ್ಳಲ್ಲ. ಸುಳ್ಳಲ್ಲದ್ದರಿಂದಲೇ ಇಷ್ಟು ಅನುಕೂಲ.


ಮಾರ್ಚ್ 13, ಬುಧವಾರ

ಟೆಸ್ಟರ್ ವರ್ಕ್‌ಶಾಪ್‌ನಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ನಾನು ಒಳಗೆ ಹೋಗುತ್ತಲೇ ಶುರುಮಾಡಿದರು.

"ಮೇಡಂ, ಆ ಎರಡನೇ ನಾಜಲ್ ನಾಲ್ಕನೇ ರಿಲೇಗೆ ಕೊಟ್ಟಿದ್ದು ನಾನು. ಖಾಲಿ ಇತ್ತಲ್ಲ ಅಂತ ಕೊಟ್ಬಿಟ್ಟೆ. ಬೇರೆ ಕಡೆ ಕೊಟ್ಟಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ. ನಿನ್ನೆ ಯಜಮಾನಿಗೆ ಫೋನ್ ಮಾಡಿ ಹೇಳ್ದೆ."

"ನೀವ್ಯಾಕೆ ಹೇಳೋಕೆ ಹೋದ್ರಿ? ಏನಂದ್ರು?"

"ಬೈದ್ರು. ಚೆನ್ನಾಗೇ ಬೈದ್ರು. ಆಮೇಲೆ ಊಟ ಆಯ್ತಾ ಅಂತ ಕೇಳಿದ್ರು."

ಇಷ್ಟು ಹೇಳಿ ಡಬ್ಬಿಯ ತಳದ ತನಕ ತಿಂದರು. ನಾಜಲ್‌ನದು ತಪ್ಪೇ ಅಲ್ಲ, ಖಾಲಿ ರಿಲೇಗೆ ಯಾರಾದರೂ ಕೊಡುತ್ತಿದ್ದರು. ಹಾಗೆಂದು ಅವರಿಗೆ ಹೇಳಿದೆ. ಯಾಕೆ ತಪ್ಪಲ್ಲ ಎಂದು ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಕೇಳಲಿಲ್ಲ. ಡಬ್ಬಿ ತೊಳೆಯಲು ಎದ್ದುಹೋದರು. ಅವರ ಹಸಿವು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.


ಮಾರ್ಚ್ 15, ಶುಕ್ರವಾರ

ಟೀಚರ್ ಹೋದ ಮೇಲೆ ಅತ್ತಿಗೆ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. "ರೀ, ಒಂದು ಮಾತಾದ್ರೂ ಆಡಿ. ತಪ್ಪು ಪದಾನೇ ಹೇಳಿ. ಚಮಚಕ್ಕೆ ಕೊಡೆ ಅನ್ನಿ, ಕೊಡೆಗೆ ಕೋಣ ಅನ್ನಿ, ನಾನು ನಗಲ್ಲ. ಮರಿಗಳು ಹೋದ್ವು, ಹೋಗ್ಲಿ. ನೀವೇನು ಬೇಕಂತ ಮಾಡಿದ್ರಾ?"

ಅಣ್ಣ ಅವರ ಕೈ ಹಿಡಿದುಕೊಂಡ. ತಲೆ ಅಲ್ಲಾಡಿಸಿದ. ಬಾಯಿ ತೆರೆಯಲಿಲ್ಲ. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಸಾರು ಕುದಿದು ಉಕ್ಕುವ ಸದ್ದಾಯಿತು, ಯಾರೂ ಒಲೆ ಆರಿಸಲಿಲ್ಲ. ನಾನು ಹೋಗಿ ಆರಿಸಿದೆ.

ಆಗ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. ಹೇಳಬಹುದಿತ್ತು.

"ಕೆಲಸ ಎಲ್ಲಿಗೆ ಬಂತು?" ಎಂದು ಅತ್ತಿಗೆ ಮೂಗು ಒರೆಸಿಕೊಳ್ಳುತ್ತಾ ಕೇಳಿದರು.

"ಅರ್ಧ ಆಯ್ತು," ಅಂದೆ.


ಮಾರ್ಚ್ 17, ಭಾನುವಾರ

ಎರಡು ದಿನದಿಂದ ಮುಂದಿನ ಕೋಣೆಯಲ್ಲೇ ಕೆಲಸ ಮಾಡುತ್ತಿದ್ದೇನೆ. ಮೇಲಿನ ಕೋಣೆಯ ಫ್ಯಾನ್ ಕೆಟ್ಟಿದೆ, ಸೆಖೆ ತಡೆಯಲಾಗುವುದಿಲ್ಲ. ಹಾಗೆಂದು ಅತ್ತಿಗೆಗೆ ಹೇಳಿದೆ. "ಅದು ಕೆಟ್ಟು ಎರಡು ವರ್ಷ ಆಯ್ತಲ್ಲ," ಅಂದರು. ಇರಬಹುದು. ಈ ವರ್ಷ ಸೆಖೆ ಜಾಸ್ತಿ.

ಅಣ್ಣನ ಮಂಚದ ಪಕ್ಕದ ಮೇಜಿನಲ್ಲಿ ಅವನ ಲ್ಯಾಪ್‌ಟಾಪ್ ಇದೆ, ಟೀಚರ್ ಕೊಟ್ಟ ಅಭ್ಯಾಸದ ವಿಡಿಯೋ ನೋಡಲು. ಅದನ್ನು ಸರಿಸಿ ನನ್ನದನ್ನು ಇಟ್ಟುಕೊಂಡೆ. ಅವನು ದಿಂಬಿನಿಂದ ಸ್ವಲ್ಪ ಈಚೆ ಜರುಗಿ ನನ್ನ ಪರದೆ ನೋಡುತ್ತಾ ಕೂತ. ಅವನ ಕಣ್ಣೆದುರೇ ಅವನ ಕ್ಲಾಸನ್ನು ಬಿಚ್ಚುತ್ತಿದ್ದೆ. ಖಾಲಿ ಫಂಕ್ಷನ್ ಹೋಯಿತು. 'ಇಲ್ಲಿ ಏನೂ ಮಾಡಬೇಕಿಲ್ಲ' ಹೋಯಿತು. ಅಳಿಸುವಾಗ ಅವನ ಮುಖ ನೋಡಲಿಲ್ಲ.

ಮಧ್ಯಾಹ್ನ ಹೊಸ ಹ್ಯಾಚರ್ ಕ್ಲಾಸನ್ನು ಜೋಡಿಸಿ ಮುಗಿಸಿದ್ದೆ. ಹೀಟರ್, ಫ್ಯಾನ್, ನೀರು. ಚಂದ ಕಂಡಿತು. ಅಣ್ಣ ಎಡಗೈ ಚಾಚಿ ಪರದೆಯ ಮೇಲೆ ಫ್ಯಾನನ್ನು ತಟ್ಟಿದ. ಆಮೇಲೆ ಹೀಟರನ್ನು. ಮತ್ತೆ ಫ್ಯಾನ್, ಮತ್ತೆ ಹೀಟರ್, ಅದೇ ಕ್ರಮದಲ್ಲಿ.

"ಮೊದಲು ಫ್ಯಾನ್ ತಿರುಗ್ಬೇಕು, ಆಮೇಲೆ ಹೀಟರ್?"

ಹೌದೆಂದು ತಲೆಯಾಡಿಸಿದ.

ಫ್ಯಾನ್ ನಿಂತಿರುವಾಗ ಹೀಟರ್ ಹತ್ತಿದರೆ ಹತ್ತಿರದ ಮೊಟ್ಟೆಗಳು ಬೆಂದುಹೋಗುತ್ತವೆ. ಹಳೆಯ ಕ್ಲಾಸಿನಲ್ಲಿ ಆ ಕ್ರಮ ತಾನಾಗಿ ಇತ್ತು. ಬಿಡಿಬಿಡಿ ಮಾಡುವ ಭರದಲ್ಲಿ ನಾನು ಅದನ್ನು ಕಳೆದಿದ್ದೆ. ಅವನು ನೋಡದಿದ್ದರೆ ಈ ಸಲ ಒದ್ದೆಯಾಗಿ ಅಲ್ಲ, ಸುಟ್ಟು ಸಾಯುತ್ತಿದ್ದವು. ಹೊಸ ವಿನ್ಯಾಸ ಒಳ್ಳೆಯದು. ಒಳ್ಳೆಯದು ಎಂಬ ಕಾರಣಕ್ಕೆ ಅದು ನನ್ನನ್ನು ಕಾಪಾಡುವುದಿಲ್ಲ.

ಹಳೆಯ ಕೋಡಿನ ಇತಿಹಾಸ ಇರುವ ಕಡೆಗೆ ಅವನು ಬೆರಳು ತೋರಿಸಿದ. "ಅದು ಬೇಡ ಬಿಡು," ಎಂದು ಬೇಗ ಮುಚ್ಚಿದೆ. ಒತ್ತಾಯ ಮಾಡಲಿಲ್ಲ.

ಅತ್ತಿಗೆ ಚಹಾ ತಂದರು. ಸಕ್ಕರೆ ವಿಪರೀತ. ಹೇಳಿದ್ದಕ್ಕೆ, "ಎರಡು ತಿಂಗಳಿಂದ ಅಷ್ಟೇ ಹಾಕ್ತಿದ್ದೀನಿ," ಅಂದರು.


ಮಾರ್ಚ್ 19, ಮಂಗಳವಾರ

ವರ್ಕ್‌ಶಾಪ್‌ನಲ್ಲಿ ಹ್ಯಾಚರ್ ಬಾಕ್ಸಿನ ಪ್ಲಗ್ಗನ್ನು ನಲವತ್ತು ಸಲ ಕಿತ್ತು ಹಾಕಿದೆವು. ಟೆಸ್ಟರ್ ಕೀಳುತ್ತಾರೆ, ನಾನು ನೋಡುತ್ತೇನೆ. ನಲವತ್ತು ಸಲವೂ ನೀರು ನಿಂತೇ ಇತ್ತು, ಫ್ಯಾನ್ ಮೊದಲು ಹತ್ತಿತು. "ಸಾಕಾ ಮೇಡಂ?" ಅಂದರು. ಇನ್ನೂ ಹತ್ತು ಅಂದೆ. ಗೊಣಗಿಕೊಂಡು ಕಿತ್ತರು.

ಟೀಚರ್ ಬಂದಿದ್ದರು. ಈಗ ಕಾರ್ಡು ತೋರಿಸುವುದನ್ನೂ ಬಿಟ್ಟಿದ್ದಾರೆ. ಕೈಕಾಲಿನ ವ್ಯಾಯಾಮ ಮಾಡಿಸಿ ಹೋದರು.


ಮಾರ್ಚ್ 22, ಶುಕ್ರವಾರ

ಮೊಟ್ಟೆಗಳು ಹ್ಯಾಚರ್‌ಗೆ ಬಂದವು. ಹತ್ತು ಸಾವಿರ. ನಾಲ್ಕು ಜನ ಹೆಂಗಸರು ಮಾತಿಲ್ಲದೆ ಬೇಗ ಬೇಗ ಟ್ರೇ ಸಾಗಿಸಿದರು, ಮೊಟ್ಟೆ ತಣ್ಣಗಾಗಬಾರದಲ್ಲ. ಬಾಗಿಲು ಮುಚ್ಚಿದ ಮೇಲೆ ಯಜಮಾನಿ ಮೇನ್ ಸ್ವಿಚ್ ಹತ್ತಿರ ಹೋಗಿ ನನ್ನತ್ತ ನೋಡಿದರು. "ಆಫ್ ಮಾಡ್ಲಾ?"

"ಮಾಡಿ."

ಆಫ್ ಮಾಡಿದರು. ಒಂದು ನಿಮಿಷ ಬಿಟ್ಟು ಆನ್ ಮಾಡಿದರು. ನಾಲ್ಕೂ ಹ್ಯಾಚರ್‌ಗಳಲ್ಲಿ ಫ್ಯಾನ್ ತಿರುಗಿತು. ನಾಜಲ್ ಒಣಗಿಯೇ ಇತ್ತು. ಅವರು ಒಂದೊಂದರ ಗಾಜಿಗೂ ಮುಖ ಒತ್ತಿ ನೋಡಿದರು.

ಗೇಟಿನ ತನಕ ಜೊತೆಗೆ ಬಂದರು. "ನಿಮ್ಮಣ್ಣಂಗೆ ಹೇಳಿ, ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ ಅಂತ. ಪಾಪ, ಹುಷಾರಿಲ್ಲದ ಮನುಷ್ಯ. ತಪ್ಪು ಯಾರಿಂದ ಆಗಲ್ಲ?"

"ಹೇಳ್ತೀನಿ," ಅಂದೆ.

ವ್ಯಾನಿನಲ್ಲಿ ಕೂತ ಮೇಲೆ ಮುಖ ಬಿಸಿಯಾಯಿತು. ಜ್ವರ ಬಂತೇನೋ ಎಂದುಕೊಂಡೆ. ಜ್ವರವಲ್ಲ, ನಾಚಿಕೆ. ಇದನ್ನು ಬರೆಯುವಾಗಲೂ ಇದೆ. ಅವರು ಕ್ಷಮಿಸಿದ್ದನ್ನು ನಾನು ಅಣ್ಣನ ಹೆಸರಿನಲ್ಲಿ ಇಸಿದುಕೊಂಡು ಬಂದೆ. ಮನೆಗೆ ಬಂದು ಅವನಿಗೆ ಅದನ್ನು ತಲುಪಿಸಲಿಲ್ಲ. ಹೇಗೆ ತಲುಪಿಸುವುದು?


ಮಾರ್ಚ್ 25, ಸೋಮವಾರ

ಮರಿಗಳು ಬಂದವು. ಒಂಬತ್ತು ಸಾವಿರದ ನಾನೂರು ಚಿಲ್ಲರೆ. ಹ್ಯಾಚರ್ ಕೋಣೆಯಲ್ಲಿ ಎಂಥ ಗದ್ದಲವೆಂದರೆ, ಯಜಮಾನಿ ನನ್ನ ಕಿವಿಯ ಹತ್ತಿರ ಬಂದು, "ಬಾಕ್ಸ್ ಇಲ್ಲೇ ಇರ್ಲಿ," ಎಂದು ಕೂಗಬೇಕಾಯಿತು. ಒಂದು ಮರಿಯನ್ನು ನನ್ನ ಕೈಗಿಟ್ಟರು. ಬೆಚ್ಚಗಿತ್ತು. ಸುಮ್ಮನಿರಲಿಲ್ಲ, ಬೆರಳ ಸಂದಿಯಲ್ಲಿ ತೂರಿಕೊಂಡು ಹೋಗಲು ನೋಡಿತು. ಬಹಳ ಹೊತ್ತು ಹಿಡಿದುಕೊಂಡಿದ್ದೆನಂತೆ, ಟೆಸ್ಟರ್ ಬಂದು ತೆಗೆದುಕೊಂಡರು.

ಮನೆಗೆ ಬಂದು ಹೇಳಿದೆ. ಅತ್ತಿಗೆಯ ಮುಖ ಅರಳಿತು. ಅಣ್ಣನ ಭುಜ ಅಲುಗಿಸಿ, "ಕೇಳಿಸ್ತಾ? ನಿಮ್ಮ ತಪ್ಪನ್ನ ನಿಮ್ಮ ತಂಗಿ ಸರಿ ಮಾಡ್ಕೊಂಡು ಬಂದಿದ್ದಾಳೆ. ಇನ್ನಾದ್ರೂ ಬಾಯಿ ಬಿಡಿ," ಅಂದರು. ಪ್ರೀತಿಯಿಂದಲೇ ಅಂದರು. ಅಣ್ಣ ನನ್ನನ್ನು ನೋಡಿ ನಕ್ಕ. ಬಾಯಿಯ ಒಂದೇ ಪಕ್ಕ ಮೇಲೇರುವ ಆ ನಗು. ಅತ್ತಿಗೆ ಚಹಾ ಇಡಲು ಒಳಗೆ ಹೋದರು.

ನಾನು ಮಂಚದ ತುದಿಯಲ್ಲಿ ಕೂತೆ.

"ಅಣ್ಣ, ಆ ಸಾಲು ನಂದು. ನೀನು ಆಸ್ಪತ್ರೇಲಿದ್ದಾಗ ನಾನು ಸೇರಿಸಿದ್ದು. ಹ್ಯಾಚರ್ ಮೇಲೆ ಪರೀಕ್ಷೆ ಮಾಡ್ಲಿಲ್ಲ. ನಿನ್ನ ಕೋಡ್ ಹಾಗೇ ಇದ್ದಿದ್ರೆ ಒಂದು ಮರೀನೂ ಸಾಯ್ತಿರ್ಲಿಲ್ಲ. ಮೂರು ವಾರ ಎಲ್ಲ ನಿನ್ನ ಮೇಲೆ ಹಾಕಿ ಸುಮ್ಮನಿದ್ದೆ."

ಅವನ ಮುಖದಲ್ಲಿ ಏನೂ ಆಗಲಿಲ್ಲ. ಆಶ್ಚರ್ಯವಿಲ್ಲ, ಸಿಟ್ಟಿಲ್ಲ. ತನ್ನ ಲ್ಯಾಪ್‌ಟಾಪನ್ನು ಎಡಗೈಯಲ್ಲಿ ಎಳೆದುಕೊಂಡು ತೆರೆದ. ಕೋಡಿನ ಇತಿಹಾಸ ತೆಗೆದ. ಹನ್ನೆರಡು ವರ್ಷದ ಸಾವಿರಾರು ನಮೂದುಗಳಿವೆ ಅದರಲ್ಲಿ. ಅವನು ಹುಡುಕಲಿಲ್ಲ. ನೇರವಾಗಿ ಜನವರಿ 29ಕ್ಕೆ ಹೋಗಿ, ನನ್ನ ಸಾಲಿನ ಮೇಲೆ ಬೆರಳಿಟ್ಟ.

"ಗೊತ್ತು," ಅಂದ.

ಇಪ್ಪತ್ತು ದಿನದ ಮೇಲೆ ಮೊದಲ ಮಾತು. ಸರಿಯಾದ ಜಾಗದಲ್ಲಿ ಸರಿಯಾದ ಪದ.

"ಯಾವಾಗಿಂದ?"

ಫೋನಿನ ಕಡೆ ಕೈ ತೋರಿಸಿದ. ಅತ್ತಿಗೆ ಯಜಮಾನಿಯ ಹತ್ತಿರ ಮಾತಾಡಿದ ದಿನ. ಅವತ್ತೇ ತೆಗೆದು ನೋಡಿದ್ದಾನೆ.

"ಮತ್ತೆ ಯಾಕೆ ಮಾತಾಡ್ಲಿಲ್ಲ?"

ಅವನಿಗೆ ಬಹಳ ಹೊತ್ತು ಹಿಡಿಯಿತು. ಕುತ್ತಿಗೆಯ ನರ ಉಬ್ಬಿತು. "ಬಾಯಿ..." ಅಂದ. ತುಟಿ ಮುಟ್ಟಿಕೊಂಡ. "ಕೇಳಲ್ಲ. ನಂದು. ಮಾತು. ಕೇಳಲ್ಲ." ಆಮೇಲೆ ಅಡುಗೆಮನೆಯ ಕಡೆ ನೋಡಿ, ದನಿ ತಗ್ಗಿಸಿ, "ನೀನು... ಅಂದ್ಬಿಟ್ರೆ."

ಚಮಚ ಎಂದು ಹೊರಟರೆ ಕೊಡೆ ಎಂದು ಬರುವ ಬಾಯಿ. ನೆಂಟರ ಮುಂದೆ ಗೋಣಿಚೀಲ ಅಂದ ಬಾಯಿ. ಮರಿ ಯಾಕೆ ಸತ್ತವು ಎಂದು ಯಾರಾದರೂ ಕೇಳಿದರೆ ಅದು ನನ್ನ ಹೆಸರು ಹೇಳಿಬಿಟ್ಟರೆ? ಅದಕ್ಕೆ ಅದನ್ನು ಮುಚ್ಚಿಯೇ ಇಟ್ಟಿದ್ದ. ಮಾತು ಮರಳಬೇಕಾದ ಮೂರು ತಿಂಗಳಲ್ಲಿ ಇಪ್ಪತ್ತು ದಿನ ನನಗೋಸ್ಕರ ಕೊಟ್ಟುಬಿಟ್ಟಿದ್ದ. ಅವನು ನಾಚಿಕೆಯಿಂದ ಮೂಕನಾಗಿದ್ದಾನೆ, ನಾನು ಯಾವಾಗ ಬೇಕಾದರೂ ಬಿಡಿಸಬಲ್ಲೆ ಎಂದುಕೊಂಡು ನಾನು ಮೇಲೆ ಕಿಟಕಿ ಒರೆಸುತ್ತಿದ್ದೆ.

ಅಳು ಬಂತು. ಆಸ್ಪತ್ರೆಯಲ್ಲೂ ಬಂದಿರಲಿಲ್ಲ. ಅವನ ಹೊದಿಕೆಗೆ ಮುಖ ಒತ್ತಿ ಅತ್ತೆ. ಎಡಗೈಯಲ್ಲಿ ತಲೆ ತಟ್ಟುತ್ತಿದ್ದ. ತಟ್ಟುವುದು ಅಭ್ಯಾಸವಿಲ್ಲದ ಕೈ, ನೋಯುತ್ತಿತ್ತು.

ಆಮೇಲೆ ಅತ್ತಿಗೆಯನ್ನು ಕರೆದೆ. ಟ್ರೇ ಹಿಡಿದು ಬಾಗಿಲಲ್ಲಿ ನಿಂತೇ ಕೇಳಿದರು. ಮೊದಲಿಂದ ಕೊನೆಯ ತನಕ ಹೇಳಿದೆ, ಅವನು ಯಾಕೆ ಸುಮ್ಮನಿದ್ದ ಎಂಬುದನ್ನೂ. ಅವರು ನನ್ನತ್ತ ನೋಡಲಿಲ್ಲ. ಅಣ್ಣನಿಗೆ ಒಂದು ಲೋಟ ಕೊಟ್ಟರು, ತಾವು ಒಂದು ತೆಗೆದುಕೊಂಡರು, ಮೂರನೆಯದನ್ನು ಟ್ರೇಯಲ್ಲೇ ಬಿಟ್ಟು ಅವನ ಪಕ್ಕ ಕೂತರು.

"ಅವರ ಪರವಾಗಿ ನಾನು ಕ್ಷಮೆ ಕೇಳ್ತಿದ್ದಾಗ ನೀನು ಅಲ್ಲೇ ನಿಂತಿದ್ದೆ," ಅಂದರು.

"ಹೌದು ಅತ್ತಿಗೆ."

ಇನ್ನೂ ಅನ್ನಬಹುದಿತ್ತು.


ಮಾರ್ಚ್ 26, ಮಂಗಳವಾರ

ಬೆಳಿಗ್ಗೆ ಯಜಮಾನಿಗೆ ಫೋನು ಮಾಡಿ ಹೇಳಿದೆ. "ನಿಮ್ಮ ಟೆಸ್ಟರ್ ಒಂದೇ ವಾರಕ್ಕೆ ಹೇಳಿದ್ರು," ಎಂದು ಇಟ್ಟುಬಿಟ್ಟರು. ಊಟ ಆಯ್ತಾ ಎಂದು ಕೇಳಲಿಲ್ಲ.

ಹನ್ನೊಂದಕ್ಕೆ ಟೀಚರ್ ಬಂದರು. ಅಣ್ಣ ಅವರನ್ನು ನೋಡಿದ ಕೂಡಲೇ ಬಾಯಿ ತೆರೆದ. ಹಿಂದೆ ಬರುತ್ತಿದ್ದ ಪದಗಳಲ್ಲಿ ಅರ್ಧಕ್ಕರ್ಧ ಬರಲಿಲ್ಲ. ಬಸ್ಸಿನ ಚಿತ್ರದ ಮುಂದೆ ಬೆವರಿದ. ಟೀಚರ್ ಮುಖ ಗಂಭೀರ ಮಾಡಿಕೊಂಡು ಬರೆದುಕೊಂಡರು. ಕೆಲವು ಮತ್ತೆ ಬರಬಹುದು, ಕೆಲವು ಬರಲಿಕ್ಕಿಲ್ಲ, ಯಾವುದು ಎಂದು ಈಗಲೇ ಹೇಳಲಾಗುವುದಿಲ್ಲ ಎಂದರು.

"ಇಷ್ಟು ದಿನ ಯಾಕೆ ಹೀಗಾಯ್ತು ಅಂತ ನನಗೆ ಗೊತ್ತಾಗ್ಬೇಕು," ಅಂದರು. ಅತ್ತಿಗೆ ನನ್ನನ್ನು ನೋಡಿದರು. ನಿನ್ನೆಯಿಂದ ಅದೇ ಮೊದಲು ನೋಡಿದ್ದು.

"ನನ್ನಿಂದ," ಅಂದೆ. "ತಪ್ಪು ನಂದು. ಅಣ್ಣಂದಲ್ಲ."

ಅಣ್ಣ ಕಾರ್ಡನ್ನು ಕೆಳಗಿಟ್ಟ. ಖಾಲಿ ಫಂಕ್ಷನ್ ಬಿಟ್ಟವನು ತಾನು, ಅದರ ಮೇಲೆ ನೀರು ಬಿಟ್ಟವಳು ನಾನು ಎಂದು ಹೇಳಲು ಅವನಿಗೆ ಎಷ್ಟು ಪದ ಬೇಕಾಗುತ್ತಿತ್ತೋ. ಕುತ್ತಿಗೆ ಚಾಚಿದ, ಕಣ್ಣು ಮುಚ್ಚಿದ, ತುಟಿಗಳನ್ನು ಎರಡು ಸಲ ಸುಮ್ಮನೆ ಕೂಡಿಸಿ ನೋಡಿದ.

"ಇಬ್ರದ್ದೂ," ಅಂದ.

ಇದು ತಾವು ಕಲಿಸಿದ ಪದವಲ್ಲ ಎಂದು ಟೀಚರ್ ಅದನ್ನು ಪಟ್ಟಿಯ ಕೊನೆಗೆ ಬರೆದುಕೊಂಡರು. ಅವರು ಹೊರಟ ಮೇಲೆ ಅತ್ತಿಗೆ ಎದ್ದು ಒಳಗೆ ಹೋಗಿ ಮೂರು ಲೋಟ ಚಹಾಕ್ಕೆ ನೀರಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದಲೇ, ನಿನಗೆ ಸಕ್ಕರೆ ಎಷ್ಟು ಎಂದು ಕೇಳಿದರು.